ಧರ್ಮಾರ್ಥವಾಗಿ ದೊರೆಯುವ ಪಾಠಸಾಧನಗಳು

ಪರಿಸರದ ವಿಷಯವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಅಪ್ಪಣೆ ಮಾಡಿತು. ಅಂದಿನಿಂದ ಪಾಠವೇನೋ ನಡೆದುಬಂದಿದೆ. ಆದರೆ ನಮ್ಮ ಬಾಲಕಿಯರು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ಅಂಕಗಳನ್ನು ಪಡೆಯುವರೇ ಹೊರತು, ಶಾಲೆಯ ಅಂಗಳದ ಮರದ ಹೆಸರನ್ನು ಕೇಳಿದರೆ ತಡವರಿಸುವರು. ಅಳಿಯುತ್ತಿರುವ ಜೀವಜಾತಿಗಳನ್ನು ಉಳಿಸಿಕೊಳ್ಳುವ ಶಾಸ್ತ್ರವನ್ನು ಹೀಗೆ ಕಲಿಸಲಾಗದೆಂಬದು ನಮ್ಮ ಅಭಿಪ್ರಾಯ. ಹೆಸರರಿಯದ ಮರವನ್ನು ಕಡಿದರೆ ಯಾರಿಗೆ ದುಃಖವಾದೀತು?

ಸಾಧನಗಳಿಗೆ ಹಣವಿಲ್ಲವೆಂಬ ಮಾತು ಆಗಾಗ್ಗೆ ನಮ್ಮ ಕಿವಿಗೆ ಬೀಳುವದು. ಅದು ಈಗ ಸಲ್ಲುವ ಮಾತಲ್ಲ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯವರು ಈ ಶಾಸ್ತ್ರದ ಪಾಠಗಳನ್ನೂ ಅಭ್ಯಾಸಗಳನ್ನೂ ಅಂತರ್ಜಾಲದ ಮೂಲಕ ಅಧ್ಯಾಪಕರಿಗೆ ಧರ್ಮಾರ್ಥವಾಗಿ ಒದಗಿಸಿದ್ದಾರೆ. ಅವು ಉತ್ತಮವಾದವುಗಳೇ; ಆದರೆ ಹೆಚ್ಚಾಗಿ ಇಂಗ್ಲಿಷಿನವು, ಕಾಲೇಜಿನ ಮಟ್ಟದವು. ನಮ್ಮ ಉಪಾಧ್ಯಾಯಿನಿಯರು ತಾವು ಓದಿಕೊಳ್ಳಲಿ. ಎಂಟನೆಯ ತರಗತಿಯ ಹುಡುಗಿಯ ಮುಂದೆ ಅವನ್ನು ಇಡುವದು ಬೇಡ.

ಅವಳಿಗೆ ತಕ್ಕವು ನಮ್ಮ ನಾಡಿನಲ್ಲಿಯೇ ಇವೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ‘ಅರ್ಲಿ ಬರ್ಡ್’ ವಿಭಾಗದವರು ಹಕ್ಕಿಗಳ ಚಿತ್ರಪಟಗಳನ್ನು ಕನ್ನಡದಲ್ಲಿಯೂ ಸಿದ್ಧಪಡಿಸಿದ್ದಾರೆ. ‘ಸೀಸನ್‌ವಾಚ್’ ಎಂಬ ಇನ್ನೊಂದು ಕಾರ್ಯದ ಕ್ರಮವು ಬಹು ಸರಳ. ಹುಡುಗಿಯು ಒಂದು ಮರವನ್ನು ಆರಿಸಿಕೊಳ್ಳತಕ್ಕದ್ದು. ವಾರಕ್ಕೊಮ್ಮೆ ಅದರಲ್ಲಿ ಚಿಗುರು, ಬಲಿತ ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು ಇವು ಇಲ್ಲವೋ, ಕೆಲವಿವೆಯೋ, ಬಹಳವಿವೆಯೋ ಎಂದು ನೋಡಿ ಬರೆದು ಕಳುಹಿಸತಕ್ಕದ್ದು. ಇಷ್ಟೇ. ಕೇರಳದ ಅನೇಕ ಶಾಲೆಗಳ ಮಕ್ಕಳು ಇದರಲ್ಲಿ ಸೇರಿದ್ದಾರೆ. ಅಲ್ಲಿ ವಿಷು ಹಬ್ಬಕ್ಕೆ ಬೇಕಾದ ಕಕ್ಕೆಯ ಹೂವು ತನ್ನ ಕಾಲಕ್ಕೆ ಅರಳುತ್ತಿದೆಯೋ, ಹವೆಯ ಬದಲಾವಣೆಯಿಂದ ಮುಂಚಿತವಾಗಿ ಅರಳುತ್ತಿದೆಯೋ ಎಂಬದನ್ನು ಪರೀಕ್ಷಿಸಬೇಕಾದರೆ ಇಂಥ ಲೆಕ್ಕಗಳೇ ಆಧಾರ. ಪರೀಕ್ಷೆಯ ಉತ್ತರಪತ್ರಿಕೆಯನ್ನು ಅಂಕ ಕೊಟ್ಟ ಮೇಲೆ ಯಾರು ಓದುವರು? ಈ ಲೆಕ್ಕಕ್ಕಾದರೋ ಓದುವವರಿದ್ದಾರೆ.

ಧರ್ಮಾರ್ಥವೆಂದ ಮಾತ್ರಕ್ಕೆ ಖರ್ಚೇ ಇಲ್ಲವೆಂದಲ್ಲ. ಬಣ್ಣದ ಚಿತ್ರಪಟವನ್ನು ಅಚ್ಚು ಹಾಕಿಸಲು ಹಣ ಬೇಕು. ಅದಕ್ಕಿಂತಲೂ ದುಬಾರಿಯಾದದ್ದು ವೇಳೆ. ಎಸ್.ಎಸ್.ಎಲ್.ಸಿ. ವರ್ಷದಲ್ಲಿ ಮಗಳು ಮರ ನೋಡುತ್ತ ನಿಂತರೆ ಹೇಗೆಂದು ಕೇಳುವ ತಾಯಿತಂದೆಗಳ ಚಿಂತೆಯನ್ನು ನಾವು ಅಲ್ಲಗಳೆಯುವದಿಲ್ಲ. ಹತ್ತನೆಯ ತರಗತಿಯನ್ನು ಬಿಡೋಣ. ಎಂಟು, ಒಂಬತ್ತನೆಯ ತರಗತಿಗಳಿಗೆ ವಾರಕ್ಕೆ ಅರ್ಧ ಗಂಟೆಯನ್ನು ವೇಳಾಪಟ್ಟಿಯಲ್ಲಿ ಬರೆದೇ ಇಡಬೇಕು. ಅದನ್ನು ಆಟದ ವೇಳೆಯಿಂದ ಕಸಿದುಕೊಳ್ಳಬಾರದು. ಗಣಿತದ ಪಾಠ ಉಳಿಯಿತೆಂದು ಆ ಅರ್ಧ ಗಂಟೆಯನ್ನು ನುಂಗುವದೂ ಬೇಡ.

ಅಚ್ಚಿನ ವೆಚ್ಚವನ್ನು ಹಳೆಯ ವಿದ್ಯಾರ್ಥಿನಿಯರು ವಹಿಸಿಕೊಳ್ಳುವದು ನ್ಯಾಯವೆಂದು ತೋರುತ್ತದೆ. ಅದಲ್ಲದೆ ಇನ್ನೊಂದು ಬೇಡಿಕೆ. ನಿಮ್ಮ ಕಾಲದಲ್ಲಿ ಈ ಅಂಗಳದಲ್ಲಿ ಯಾವ ಯಾವ ಮರಗಳಿದ್ದವು, ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತಿತ್ತು, ಮಾವು ಯಾವ ತಿಂಗಳಲ್ಲಿ ಹೂ ಬಿಡುತ್ತಿತ್ತು ಎಂಬದನ್ನು ನೆನಪಿದ್ದಷ್ಟು ಒಂದು ಹಾಳೆಯಲ್ಲಿ ಬರೆದು, ನೀವು ಓದಿದ ವರ್ಷವನ್ನು ಸೂಚಿಸಿ, ಮುಖ್ಯೋಪಾಧ್ಯಾಯಿನಿಯವರಿಗೆ ಕಳುಹಿಸಿರಿ. ಆ ಸಾಧನವು ನ್ಯೂಯಾರ್ಕಿನಲ್ಲಿಯೂ ದೊರೆಯದು, ಮೈಸೂರಿನಲ್ಲಿಯೂ ದೊರೆಯದು.