ಅಂಜಿಕೆಯ ಗಂಟು

ಕೂಸು ಹಟಹಿಡಿದು ಅಳತೊಡಗಿದೊಡನೆ ಕತ್ತಲೆಯ ಕೋಣೆಯನ್ನು ತೋರಿಸಿ, "ಅಗೋ, ಗುಮ್ಮ ಬಂತು!" ಎಂದು ಬೆದರಿಸುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಕೂಸು ಸುಮ್ಮನಾಗುವುದು, ಮನೆಗೆಲಸವೂ ಸಾಗುವುದು. ಆದರೆ ಕತ್ತಲೆಗೂ ಆ ಬೆದರಿಕೆಗೂ ಬಿದ್ದ ಗಂಟು ಎಷ್ಟು ಕಾಲ ಉಳಿದೀತೆಂದು ಯೋಚಿಸುವವರು ವಿರಳ. ಈ ಗಂಟಿನ ವಿಚಾರವಾಗಿ ನಾಲ್ಕು ಮಾತುಗಳನ್ನು ಈ ಸಲ ವಾಚಕರ ಮುಂದಿಡಬಯಸುತ್ತೇವೆ.

ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಷ್ಯಾ ದೇಶದ ಪಾವ್ಲೋವ್ ಪಂಡಿತರು ಒಂದು ವಿಶೇಷವನ್ನು ಕಂಡುಕೊಂಡರು. ನಾಯಿಗೆ ಆಹಾರವಿಡುವ ಮುನ್ನ ಪ್ರತಿಸಲವೂ ಒಂದು ಸದ್ದನ್ನು ಕೇಳಿಸುತ್ತ ಬಂದರೆ, ಕ್ರಮೇಣ ಆ ಸದ್ದೊಂದೇ ಅದರ ಬಾಯಲ್ಲಿ ನೀರೂರಿಸುವುದು. ಸದ್ದಿನಲ್ಲಿ ರುಚಿಯಿಲ್ಲ, ಆಹಾರದ ಸಹವಾಸದಿಂದ ಅದಕ್ಕೆ ಆ ಶಕ್ತಿ ಬಂದಿತು.

ಅಂಜಿಕೆಯೂ ಹೀಗೆಯೇ ಬೆಳೆಯುವುದೇ? ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ವಾಟ್ಸನ್ ಮತ್ತು ರೇನರ್ ಎಂಬಿಬ್ಬರು ಇದನ್ನು ಪರೀಕ್ಷಿಸಿ, 1920ರಲ್ಲಿ ವರದಿಯನ್ನು ಪ್ರಕಟಿಸಿದರು. ವರದಿಯಲ್ಲಿ ಆಲ್ಬರ್ಟ್ ಎಂದು ಕರೆಯಲ್ಪಟ್ಟ ಹನ್ನೊಂದು ತಿಂಗಳ ಶಿಶು ಬಿಳಿಯ ಇಲಿಗೆ ಸ್ವಲ್ಪವೂ ಅಂಜುತ್ತಿರಲಿಲ್ಲ. ಅದು ಇಲಿಯತ್ತ ಕೈಚಾಚಿದಾಗ ಬೆನ್ನ ಹಿಂದೆ ಉಕ್ಕಿನ ಸರಳನ್ನು ಸುತ್ತಿಗೆಯಿಂದ ಬಡಿದರು. ಏಳು ಸಲ ಹೀಗಾದ ಮೇಲೆ, ಸದ್ದಿಲ್ಲದಿದ್ದರೂ ಶಿಶುವು ಇಲಿಯನ್ನು ಕಂಡೊಡನೆ ಅತ್ತು, ತೆವಳಿಕೊಂಡು ದೂರ ಸರಿಯಿತು. ಐದು ದಿನಗಳ ಅನಂತರ ಮೊಲವೂ, ನಾಯಿಯೂ, ತುಪ್ಪಳದ ಅಂಗಿಯೂ ಅದನ್ನು ಕಳವಳಗೊಳಿಸಿದವು. ಆ ಭಯವನ್ನು ಬಿಡಿಸುವ ಮೊದಲೇ ಶಿಶುವನ್ನು ಆಸ್ಪತ್ರೆಯಿಂದ ಕರೆದೊಯ್ದರು. ಒಂದೇ ಶಿಶುವಿನ ಮೇಲೆ ನಡೆದ ಪರೀಕ್ಷೆಯಾದುದರಿಂದ ಇದನ್ನೇ ಸಿದ್ಧಾಂತವೆನ್ನಲಾಗದು. ಇಂತಹ ಕ್ರೌರ್ಯವನ್ನು ಇಂದಿನ ವಿಜ್ಞಾನಧರ್ಮವು ಒಪ್ಪುವುದೂ ಇಲ್ಲ. ಆದರೆ ಪೆಟ್ಟಿಗೂ ಕೂಗಿಗೂ ಜೊತೆಯಾದ ನಿರಪರಾಧಿ ವಸ್ತುವು ತಾನೂ ಭಯಂಕರವಾಗಬಲ್ಲುದೆಂಬುದು ಅನಂತರದ ಹಲವು ಪ್ರಯೋಗಗಳಿಂದ ಸ್ಥಿರಪಟ್ಟಿದೆ.

ಹಾಗಾದರೆ ಬಿದ್ದ ಗಂಟು ಬಿಚ್ಚದೇ? ಬಿಚ್ಚುವುದು, ಆದರೆ ಎಳೆದಾಡಿದರಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ವಿದುಷಿಯು ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಬಾಲಕನ ವೃತ್ತಾಂತವನ್ನು ಪ್ರಕಟಿಸಿದಳು. ಬಾಲಕನು ಇಷ್ಟವಾದ ತಿಂಡಿಯನ್ನು ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಟ್ಟು, ಅವನ ನೆಮ್ಮದಿ ಕೆಡದಂತೆ ದಿನದಿನಕ್ಕೆ ಹತ್ತಿರ ತಂದರು. ಕಡೆಗೆ ಅವನೇ ಅದನ್ನು ಪ್ರೀತಿಯಿಂದ ನೇವರಿಸಿದನು. ಆತುರಪಟ್ಟಿದ್ದರೆ ಮೊಲದ ಭಯವು ತಿಂಡಿಗೇ ಅಂಟಿಕೊಳ್ಳುವ ಅಪಾಯವಿತ್ತು. ಇಂದಿನ ಚಿಕಿತ್ಸಕರೂ ಬಹುಮಟ್ಟಿಗೆ ಈ ಮೆಟ್ಟಿಲು ಮೆಟ್ಟಿಲಿನ ದಾರಿಯನ್ನೇ ಹಿಡಿಯುವರು.

ಆದುದರಿಂದ ಕತ್ತಲೆಗಂಜುವ ಮಗುವನ್ನು ಕೋಣೆಯೊಳಕ್ಕೆ ನೂಕಿ ಧೈರ್ಯ ಕಲಿಸಹೊರಡುವುದು ತಪ್ಪು, "ಇಷ್ಟಕ್ಕೆಲ್ಲ ಹೆದರುವುದೇ?" ಎಂದು ನಗುವುದೂ ತಪ್ಪು. ಮೊದಲ ರಾತ್ರಿ ಕೈಹಿಡಿದು ಹೊಸ್ತಿಲಲ್ಲಿ ನಿಂತು ಒಂದು ಕಥೆ ಹೇಳಿರಿ. ಅದಕ್ಕೆ ಸಮಾಧಾನವಾದ ಮೇಲೆ ಒಂದು ಹೆಜ್ಜೆ ಒಳಗೆ ಇಡಿರಿ. ದೀಪವನ್ನು ಮೆಲ್ಲಮೆಲ್ಲನೆ ಕಿರಿದುಮಾಡಿರಿ. ಅಂಜಿಕೆ ಅತಿಯಾಗಿ ಊಟ ನಿದ್ರೆಗಳು ಕೆಟ್ಟರೆ ವೈದ್ಯರನ್ನು ಕಾಣಿರಿ.

ಗುಮ್ಮನು ನಮಗೆ ಕೊಡುವ ಮೌನವು ಅರೆಗಳಿಗೆಯದು. ಅದರ ಬೆಲೆಯನ್ನು ಮಾತ್ರ ತೆರುವುದು ನಾವಲ್ಲ, ನಮ್ಮ ಮಗು.