ಗೋಗಿಯ ದೂಳು: ಕೇಳೋರಿಲ್ಲದ ಗಣಿಗೆ ಉಸಿರು ಯಾರದ್ದು?

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಆದೇಶ ಹೊರಡಿಸಿತು. ಯುರೇನಿಯಂನಂಥ ಪರಮಾಣು ಖನಿಜಗಳ ಗಣಿಗಾರಿಕೆಗೆ ಇನ್ನು ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ಕೊಟ್ಟ ಕಾರಣ ದೇಶದ ಭದ್ರತೆ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಇದೆ, ಅಲ್ಲಿ ಪರಿಶೋಧನಾ ಗಣಿಯನ್ನೂ ತೋಡಲಾಗಿದೆ, ಊರವರು ವಿರೋಧಿಸುತ್ತಲೇ ಬಂದಿದ್ದಾರೆ. ಈಗ ಅವರಿಗಿದ್ದ ಒಂದು ಅಧಿಕೃತ ವೇದಿಕೆಯೂ ಹೋಯಿತು.

ನಲ್ಲೂರು, ಚನ್ನಗಿರಿ ಕಡೆಯ ನಮಗೆ ಗೋಗಿ ದೂರದ ಊರು. ಆದರೆ ಕಲ್ಲು ಕ್ರಷರ್ ಪಕ್ಕ ಹಾದುಹೋದ ಯಾರಿಗಾದರೂ ದೂಳು ಅಂದ್ರೆ ಏನು ಅಂತ ಗೊತ್ತು. ಗೋಗಿಯ ಪ್ರಶ್ನೆ, ಆ ದೂಳಿನಲ್ಲಿ ವಿಕಿರಣವೂ ಸೇರಿದರೆ ಏನಾಗುತ್ತೆ ಅನ್ನೋದು.

ಮಂಗಗಳ ಶ್ವಾಸಕೋಶ ಹೇಳಿದ್ದು

ಇದಕ್ಕೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರೂ ಇದ್ದರು. ನಾಯಿ, ಮಂಗ, ಇಲಿಗಳನ್ನು ಯುರೇನಿಯಂ ಡೈಆಕ್ಸೈಡ್ ದೂಳಿನ ಗಾಳಿಯಲ್ಲಿಟ್ಟರು. ಪ್ರತಿ ಘನ ಮೀಟರ್‌ಗೆ 5 ಮಿಲಿಗ್ರಾಂ ಯುರೇನಿಯಂ, ಒಟ್ಟು 5 ವರ್ಷದ ಪ್ರಯೋಗ. ಫಲಿತಾಂಶ 1970ರಲ್ಲಿ ಪ್ರಕಟವಾಯಿತು. ಮೂತ್ರಪಿಂಡಗಳಿಗೆ ಹಾನಿ ಕಾಣಲಿಲ್ಲ. ಆದರೆ ಮಂಗಗಳ ಶ್ವಾಸಕೋಶದಲ್ಲಿ ಅಂಗಾಂಶ ನಾರುಗಟ್ಟಿದ ಗುರುತು ಸಿಕ್ಕಿತು. ಅದು ವಿಕಿರಣದ ಗಾಯದಂತೆ ಕಾಣುತ್ತಿತ್ತು.

ಕಾರಣ ಹೀಗಿದೆ. ಯುರೇನಿಯಂನ ಈ ರೂಪ ನೀರಲ್ಲಿ ಕರಗಲ್ಲ. ಸಣ್ಣ ಕಣ ಶ್ವಾಸಕೋಶದ ಗಾಳಿಚೀಲದ ತನಕ ಇಳಿದು ವರ್ಷಗಟ್ಟಲೆ ಕೂರುತ್ತೆ. ಅದು ಹೊರಬಿಡುವ ಆಲ್ಫಾ ಕಿರಣ ಕ್ರಮಿಸೋದು ಕೂದಲಿನ ದಪ್ಪಕ್ಕಿಂತ ಕಡಿಮೆ ದೂರ. ಚರ್ಮದ ಹೊರಗಿದ್ದರೆ ದೊಡ್ಡ ಅಪಾಯವಿಲ್ಲ. ಒಳಗೆ ಕೂತರೆ ಅಷ್ಟೂ ಶಕ್ತಿ ಸುತ್ತಲಿನ ಕೆಲವೇ ಕೋಶಗಳಿಗೆ ಬಡಿಯುತ್ತೆ. ಗಾಯ, ಉರಿಯೂತ, ದುರಸ್ತಿ, ಮತ್ತೆ ಗಾಯ. ದುರಸ್ತಿಗೆಂದು ಬಂದ ಕೊಲಾಜೆನ್ ನಾರು ಅಲ್ಲೇ ಗಟ್ಟಿಯಾಗುತ್ತೆ. ಗಟ್ಟಿಯಾದ ಶ್ವಾಸಕೋಶ ಹಿಗ್ಗಲ್ಲ. ಹ್ಯಾನ್‌ಫರ್ಡ್‌ನಲ್ಲಿ ಪ್ಲುಟೋನಿಯಂ ಉಸಿರಾಡಿದ ಬೀಗಲ್ ನಾಯಿಗಳಲ್ಲಿ ಇದೇ ಗಾಯ, ಜೊತೆಗೆ ಕ್ಯಾನ್ಸರ್ ಕಂಡುಬಂತು.

ಹಾಗಂತ ಗೋಗಿಯ ಜನರಿಗೆ ಇದೇ ಗತಿ ಅಂತ ಹೇಳೋದು ತಪ್ಪು. ಪ್ರಯೋಗದ ಪ್ರಮಾಣ ಬಹಳ ಹೆಚ್ಚು. ಗಣಿಯ ಅದಿರಿನಲ್ಲಿ ಯುರೇನಿಯಂ ಕಡಿಮೆ ಇರುತ್ತೆ, ಕಲ್ಲಿನ ದೂಳೂ ರೇಡಾನ್ ಅನಿಲವೂ ಜೊತೆಗಿರುತ್ತವೆ. ಕಾರ್ಮಿಕನ ಶ್ವಾಸಕೋಶ ಯಾವುದರಿಂದ ಕೆಟ್ಟಿತು ಅಂತ ಬಿಡಿಸಿ ಹೇಳೋದು ಕಷ್ಟ. ಅಮೆರಿಕ 1990ರಲ್ಲಿ ಯುರೇನಿಯಂ ಗಣಿ ಕಾರ್ಮಿಕರಿಗೆ ಪರಿಹಾರ ಕೊಡುವ ಕಾನೂನು ಮಾಡಿದಾಗ ಈ ಜಗಳಕ್ಕೇ ಹೋಗಲಿಲ್ಲ. ಕ್ಯಾನ್ಸರ್, ಶ್ವಾಸಕೋಶದ ನಾರುಗಟ್ಟುವಿಕೆ, ಸಿಲಿಕೋಸಿಸ್ ಮೂರನ್ನೂ ಪಟ್ಟಿಗೆ ಸೇರಿಸಿತು. ಆದರೆ ಕಾನೂನು ಬರುವಷ್ಟರಲ್ಲಿ ನವಾಹೋ ಬುಡಕಟ್ಟಿನ ಎಷ್ಟೋ ಕಾರ್ಮಿಕರು ತೀರಿಕೊಂಡಿದ್ದರು.

ಮೊದಲೇ ಅಳೆಯಬೇಕು

ನಮ್ಮಲ್ಲೂ ಪಾಠ ಹಳೆಯದು. ಕೋಲಾರದ ಚಿನ್ನದ ಗಣಿಗಳಿದ್ದ ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ತಂದಿತ್ತು. ದೂಳಿನ ಕಾಯಿಲೆ ತಡವಾಗಿ ಕಾಣಿಸಿಕೊಳ್ಳುತ್ತೆ, ಅಷ್ಟರಲ್ಲಿ ಗಣಿ ಬಿಟ್ಟವನ ಹತ್ತಿರ ದಾಖಲೆ ಇರಲ್ಲ.

ಹಾಗಾಗಿ ಕೇಳಬೇಕಾದ್ದು ಸರಳ. ಗಣಿ ಶುರುವಾಗೋ ಮೊದಲೇ ಗೋಗಿಯ ಸುತ್ತಲಿನವರ ಎಕ್ಸ್‌ರೇ, ಉಸಿರಾಟದ ಪರೀಕ್ಷೆ ಆಗಲಿ. ಇಲ್ಲದಿದ್ದರೆ ನಾಳೆ ‘ಇದು ಬೀಡಿ ಸೇದಿ ಬಂದದ್ದು’ ಅಂತ ಕೈತೊಳೆದುಕೊಳ್ಳೋದು ಸುಲಭ. ದೂಳು ಮತ್ತು ರೇಡಾನ್ ಅಳತೆಯನ್ನು ಪಂಚಾಯಿತಿ ಕಚೇರಿ ಮುಂದೆ ಕನ್ನಡದಲ್ಲಿ ಹಾಕಲಿ. ಗುತ್ತಿಗೆ ಕಾರ್ಮಿಕರ ದಾಖಲೆ ಅವರ ಕೈಯಲ್ಲೇ ಇರಲಿ.

ಇದೆಲ್ಲ ಅಹವಾಲು ಸಭೆಯಲ್ಲಿ ಕೇಳಬಹುದಾಗಿದ್ದ ಪ್ರಶ್ನೆಗಳು. ಕೇಂದ್ರ ಆ ಬಾಗಿಲು ಮುಚ್ಚಿದೆ. ಗ್ರಾಮಸಭೆ ಕರೆಯೋಕೆ ಮಾತ್ರ ದಿಲ್ಲಿಯ ಅನುಮತಿ ಬೇಕಿಲ್ಲ. ರಾಜ್ಯ ಸರ್ಕಾರ ಅದನ್ನು ಕರೆಯುತ್ತಾ ಅಂತ ನಿಮ್ಮ ಶಾಸಕರನ್ನು ಕೇಳಿ. ಶಹಾಪುರದವರಷ್ಟೇ ಕೇಳಿದರೆ ಸಾಲದು, ಚನ್ನಗಿರಿಯವರೂ ಕೇಳಬೇಕು.