ಕೆಳಗಿನ ತೊಟ್ಟಿ ಮೊದಲು

ಗಾಜಿನ ತೊಟ್ಟಿಯಲ್ಲಿ ಈಜಾಡುವ ಬಣ್ಣದ ಮೀನುಗಳನ್ನು ಕಂಡು ಹಿಗ್ಗದ ಮಕ್ಕಳಿಲ್ಲ. ದೊಡ್ಡವರಾದವರೂ ಅಂಗಡಿಯಲ್ಲೋ ಆಸ್ಪತ್ರೆಯ ಮೊಗಸಾಲೆಯಲ್ಲೋ ಅಂಥದೊಂದನ್ನು ಕಂಡರೆ ಒಂದು ಗಳಿಗೆ ನಿಂತು ನೋಡದೆ ಮುಂದೆ ಹೋಗುವುದಿಲ್ಲ. ಆದುದರಿಂದ ನಮ್ಮ ಶಾಲೆಗೂ ಒಂದು ಮೀನಿನ ತೊಟ್ಟಿ ಬೇಕು, ಅದರಲ್ಲೂ ಕಾಸರಗೋಡಿನ ಕಡಲಕರೆಯವರಾದ ನಮಗೆ ಕಡಲ ನೀರಿನ ತೊಟ್ಟಿಯೇ ಬೇಕು ಎಂದು ವಿದ್ಯಾರ್ಥಿಗಳು ಆಸೆಪಡುವುದರಲ್ಲಿ ಆಶ್ಚರ್ಯವಿಲ್ಲ. ಈ ಆಸೆ ಒಳ್ಳೆಯದೇ. ಆದರೆ ಅದಕ್ಕೊಂದು ಕರಾರು ಇರಬೇಕೆಂದು ನಾವು ಹೇಳುತ್ತೇವೆ. ಮೀನು ಕೊನೆಗೆ ಬರಲಿ. ಮೊದಲು ಕೆಳಗಿನ ತೊಟ್ಟಿ ಸಿದ್ಧವಾಗಲಿ. ಅದನ್ನು ಅಂಗಡಿಯಿಂದ ಹೊತ್ತು ತರುವುದು ಬೇಡ, ನಮ್ಮ ಕೈಯಿಂದಲೇ ಕಟ್ಟೋಣ.

ಕೆಳಗಿನ ತೊಟ್ಟಿ ಎಂದರೇನು? ಕಡಲು ಅಪಾರವಾದುದು. ಅಲ್ಲಿನ ಮೀನಿನ ಮಲಿನವೆಲ್ಲ ಆ ವಿಸ್ತಾರದಲ್ಲಿ ಕರಗಿ, ಬೇರೆ ಜೀವಿಗಳಿಗೆ ಆಹಾರವಾಗಿ ಮುಗಿಯುತ್ತದೆ. ಗಾಜಿನ ನಾಲ್ಕು ಗೋಡೆಗಳ ನಡುವೆ ಆ ಸೌಕರ್ಯವಿಲ್ಲ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯವೇ ಹುಟ್ಟುತ್ತದೆ. ಇದು ಮೀನಿಗೆ ವಿಷ. ಕಲ್ಲು, ಮರಳು, ಗಾಜುಗಳ ಮೈಮೇಲೆ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟ್ ಅಷ್ಟು ಘೋರವಾದ ವಿಷವಲ್ಲವಾದರೂ ದಿನದಿಂದ ದಿನಕ್ಕೆ ಶೇಖರವಾಗುತ್ತ ಹೋಗುತ್ತದೆ. ಅದನ್ನು ಹೀರಿಕೊಳ್ಳುವವರು ಬೇಕಲ್ಲ! ಕಡಲಲ್ಲಿ ಆ ಕೆಲಸವನ್ನು ಪಾಚಿ ಮಾಡುತ್ತದೆ. ತೊಟ್ಟಿಯಲ್ಲಿ ಅದನ್ನು ಮಾಡಲೆಂದೇ ಪ್ರದರ್ಶನದ ತೊಟ್ಟಿಯ ಅಡಿಯಲ್ಲಿ, ಕಣ್ಣಿಗೆ ಬೀಳದಂತೆ, ಇನ್ನೊಂದು ತೊಟ್ಟಿಯನ್ನಿಡುವ ಕ್ರಮವಿದೆ. ಅದಕ್ಕೆ ಸಂಪ್ ಎಂದು ಹೆಸರು. ಅದರೊಳಗೆ ಪಾಚಿ ಮತ್ತು ಕಣ್ಣಿಗೆ ಕಾಣಿಸಿಯೂ ಕಾಣಿಸದಂಥ ಜೀವಿಗಳು ಮೀನಿನ ಬಾಯಿಗೆ ಸಿಕ್ಕದೆ ಬೆಳೆಯುವ ಕೋಣೆಯನ್ನು ರೆಫ್ಯೂಜಿಯಂ ಎನ್ನುತ್ತಾರೆ. ನಾವು ಅದನ್ನು ಆಶ್ರಯದ ಕೋಣೆ ಎನ್ನೋಣ.

ಈ ವಿಚಾರ ಹೊಸದೇನೂ ಅಲ್ಲ. ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬವರು ಯಂತ್ರದ ಶೋಧಕಗಳಿಲ್ಲದೆ, ಕಡಲ ಜೀವಿಗಳಿಂದಲೇ ಕಡಲ ತೊಟ್ಟಿಯ ನೀರನ್ನು ಸ್ವಚ್ಛವಾಗಿಡುವ ಬಗೆಯನ್ನು 1961ರಲ್ಲಿ ಲೇಖನವಾಗಿ ಪ್ರಕಟಿಸಿದರು. ಮುಂದೆ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ ಅವರು ಪಾಚಿಯನ್ನು ಬೆಳೆಸಿ, ಕೊಯ್ದು, ನೀರನ್ನು ಶುದ್ಧ ಮಾಡುವ ವಿಧಾನವನ್ನು ಬೆಳೆಸಿದರು. ದುಬಾರಿ ಯಂತ್ರಕ್ಕಿಂತ ಒಂದು ಹಿಡಿ ಪಾಚಿ ಮೇಲು ಎಂಬುದು ಇವರೆಲ್ಲರ ಕೆಲಸದ ಸಾರಾಂಶ.

ಈಗ ಕಟ್ಟುವ ವಿಷಯ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ್ದಾರೆ. ತೊಟ್ಟಿ ಕಟ್ಟಿ ನೋಡಿದರೂ ಅಷ್ಟೇ ಪಾಠವಿದೆ. ಮೇಲಿನ ತೊಟ್ಟಿ 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ ಇರಲಿ. ತುಂಬಿದರೆ 182 ಲೀಟರ್ ನೀರು ಹಿಡಿಯುತ್ತದೆ. ನೀರೊಂದರ ತೂಕವೇ 185 ಕಿಲೋಗ್ರಾಂ ದಾಟುತ್ತದೆ. ಆದುದರಿಂದ ಇದನ್ನೂ ಇದರ ಕಬ್ಬಿಣದ ಮೇಜನ್ನೂ ಕಸುಬು ಬಲ್ಲವರಿಂದಲೇ ಮಾಡಿಸಬೇಕು. ನಾವು ಕಟ್ಟಬೇಕಾದುದು ಕೆಳಗಿನದನ್ನು: 60 ಉದ್ದ, 30 ಅಗಲ, 30 ಎತ್ತರ. ಗಾಜಿನ ಅಂಗಡಿಯಲ್ಲಿ ಅಳತೆ ಕೊಟ್ಟು ಕತ್ತರಿಸಿ, ಅಂಚು ಉಜ್ಜಿಸಿ ತರಬೇಕು. ಅಂಟಿಸಲು ಸಿಲಿಕೋನ್ ಅಂಟು. ಬೂಷ್ಟು ಹಿಡಿಯದಿರಲೆಂದು ಮದ್ದು ಬೆರೆಸಿದ ಅಂಟು ಮಾತ್ರ ಬೇಡ, ಅದು ಜೀವಿಗಳಿಗೆ ವಿಷ. ಒಳಗೆ ಗಾಜಿನ ಅಡ್ಡಗೋಡೆಗಳನ್ನು ನಿಲ್ಲಿಸಿ ಮೂರು ಕೋಣೆ ಮಾಡಬೇಕು. ಮೊದಲನೆಯದು 15 ಸೆಂಟಿಮೀಟರ್; ಮೇಲಿನಿಂದ ಇಳಿದ ನೀರು ಇಲ್ಲಿ ಬಿದ್ದು, ಸ್ಪಂಜಿನ ಮೂಲಕ ಹಾದು, ಕಸ ಕಳೆದುಕೊಳ್ಳುತ್ತದೆ. ನಡುವಿನದು 30, ಇದೇ ಆಶ್ರಯದ ಕೋಣೆ. ಕೊನೆಯದು 15, ಇಲ್ಲಿ ಸಣ್ಣ ಪಂಪು ಕುಳಿತು ನೀರನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಅಡ್ಡಗೋಡೆಗಳ ಎತ್ತರ 18 ಸೆಂಟಿಮೀಟರ್ ಸಾಕು. ಅಂಟು ಚೆನ್ನಾಗಿ ಒಣಗಿದ ಮೇಲೆ ಬಾವಿಯ ನೀರು ತುಂಬಿಸಿ ಎರಡು ದಿನ ಬಿಟ್ಟು, ಎಲ್ಲಿಯೂ ಜಿನುಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ತಾಮ್ರ, ಹಿತ್ತಾಳೆಯ ಯಾವ ವಸ್ತುವೂ ನೀರಿಗೆ ತಾಗಬಾರದು. ತಾಮ್ರದ ಅಂಶ ಸಿಗಡಿ, ಶಂಖದ ಹುಳುಗಳನ್ನು ಕೊಲ್ಲುತ್ತದೆ.

ಹದಿನೆಂಟೇ ಏಕೆ, ಮೂವತ್ತರವರೆಗೆ ಏಕೆ ತುಂಬಿಸಬಾರದು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ನಮ್ಮ ಊರಿನ ಕರೆಂಟಿನಲ್ಲಿದೆ! ಮಳೆಗಾಲದಲ್ಲಿ ಒಂದು ಗಾಳಿ ಬೀಸಿದರೆ ವಿದ್ಯುತ್ತು ಹೋಗುತ್ತದೆ. ಪಂಪು ನಿಂತೊಡನೆ ಮೇಲಿನ ತೊಟ್ಟಿಯ ನೀರು ಹೊರಹರಿವಿನ ಮಟ್ಟದವರೆಗೆ ಕೆಳಕ್ಕೆ ಇಳಿಯುತ್ತದೆ. ಮೂರು ಸೆಂಟಿಮೀಟರ್ ಇಳಿದರೂ 90×45×3, ಅಂದರೆ ಹನ್ನೆರಡು ಲೀಟರ್ ನೀರು ಕೆಳಗೆ ಬಂತು. ಕೆಳಗಿನ ತೊಟ್ಟಿಯ ತಳ 60×30; ಅಲ್ಲಿ ನೀರು 6.75 ಸೆಂಟಿಮೀಟರ್ ಏರುತ್ತದೆ. ಹದಿನೆಂಟರಲ್ಲಿದ್ದರೆ 24.75ಕ್ಕೆ ನಿಲ್ಲುತ್ತದೆ. ಇಪ್ಪತ್ತೈದರವರೆಗೆ ತುಂಬಿಸಿದ್ದರೆ ಪ್ರಯೋಗಶಾಲೆಯ ನೆಲವೆಲ್ಲ ಉಪ್ಪುನೀರು! ಇನ್ನೊಂದು ಎಚ್ಚರಿಕೆ. ನೀರನ್ನು ಮೇಲಕ್ಕೆ ಒಯ್ಯುವ ಪೈಪಿನ ಬಾಯಿ ಮೇಲಿನ ನೀರಿನಲ್ಲಿ ಮುಳುಗಿರುವುದರಿಂದ ಪಂಪು ನಿಂತಾಗ ಅದೇ ಪೈಪು ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯುತ್ತದೆ. ನೀರಿನ ಮಟ್ಟದ ತುಸು ಕೆಳಗೆ ಆ ಪೈಪಿಗೊಂದು ಸಣ್ಣ ತೂತು ಕೊರೆದರೆ ಅಲ್ಲಿ ಗಾಳಿ ನುಗ್ಗಿ ಸೈಫನ್ ಕಡಿಯುತ್ತದೆ. ಘನಫಲದ ಲೆಕ್ಕವನ್ನೂ ಸೈಫನ್ನಿನ ತತ್ತ್ವವನ್ನೂ ಪುಸ್ತಕದಲ್ಲಿ ಓದಿ ಮರೆಯುವ ಹುಡುಗ ಇಲ್ಲಿ ಮರೆಯಲಾರ; ಲೆಕ್ಕ ತಪ್ಪಿದರೆ ನೆಲ ಒರೆಸುವವನು ಅವನೇ. ವಿದ್ಯುತ್ತಿನ ಸಂಪರ್ಕವನ್ನು ಮಾತ್ರ, ಸೋರಿಕೆಯಾದೊಡನೆ ತಾನಾಗಿ ಕಡಿಯುವ ಸ್ವಿಚ್ಚಿನೊಂದಿಗೆ, ತಿಳಿದವರೇ ಮಾಡಿಕೊಡಬೇಕು.

ಇನ್ನು ಆಶ್ರಯದ ಕೋಣೆ. ತಳದಲ್ಲಿ ಬಣ್ಣ ಬಳಿಯದ ಹಳೆಯ ಮಂಗಳೂರು ಹಂಚಿನ ಚೂರುಗಳನ್ನು ತೊಳೆದು ಹಾಕಿದರೆ ಅದರ ಸೂಕ್ಷ್ಮ ರಂಧ್ರಗಳು ಬ್ಯಾಕ್ಟೀರಿಯಗಳಿಗೆ ಮನೆಯಾಗುತ್ತವೆ. ಅದರ ಮೇಲೆ ನಮ್ಮ ಕರಾವಳಿಯ ಬಂಡೆಗಳಲ್ಲಿ ಬೆಳೆಯುವ ಹಸಿರು ಪಾಚಿ ಒಂದೇ ಒಂದು ಹಿಡಿ. ಪಾಚಿಯೊಡನೆ ಬಂದ ಸಾಸಿವೆಕಾಳಿಗಿಂತ ಚಿಕ್ಕ ಜೀವಿಗಳು ಅಲ್ಲಿ ನಿರ್ಭಯವಾಗಿ ವೃದ್ಧಿಯಾಗಿ, ಒಂದಿಷ್ಟು ಪಂಪಿನ ಮೂಲಕ ಮೇಲೇರಿ ಮೀನಿಗೆ ಜೀವಂತ ಆಹಾರವಾಗುತ್ತವೆ. ಮೇಲಿನ ತೊಟ್ಟಿಗೆ ಹಗಲು ದೀಪವಿದ್ದರೆ ಇಲ್ಲಿಗೆ ರಾತ್ರಿ ದೀಪ. ಕತ್ತಲೆಯಲ್ಲಿ ಮೇಲಿನ ಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕೆಳಗೆ ಬೆಳಕಿನಲ್ಲಿರುವ ಪಾಚಿ ಹೀರಿ ಆಮ್ಲಜನಕ ಕೊಡುವುದರಿಂದ ರಾತ್ರಿ ನೀರಿನ ಆಮ್ಲೀಯತೆ ಏರುವುದಿಲ್ಲ. ಪಾಚಿ ಬೆಳೆದಂತೆ ಕೊಯ್ದು ತೆಗೆಯಬೇಕು. ಕೊಯ್ಯದೆ ಬಿಟ್ಟರೆ ಅದು ಕೊಳೆತು, ಹೀರಿಕೊಂಡುದನ್ನೆಲ್ಲ ನೀರಿಗೇ ಹಿಂದಿರುಗಿಸುತ್ತದೆ.

ನೀರನ್ನು ಅಳಿವೆಯಿಂದ ದೂರದಲ್ಲಿ, ಬೇಸಗೆಯಲ್ಲಿ ತರಬೇಕು. ಮಳೆಗಾಲದಲ್ಲಿ ಹೊಳೆಗಳ ಸಿಹಿನೀರು ಬೆರೆತು ಉಪ್ಪು ಕಡಿಮೆಯಾಗಿರುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಲವಣವಿರಬೇಕು. ಅಡಿಗೆಯ ಉಪ್ಪು ಕರಗಿಸಿದರೆ ಕಡಲ ನೀರಾಗದು. ಕಡಲಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದ ಎಷ್ಟೋ ಲವಣಗಳಿವೆ. ಆವಿಯಾಗಿ ಹೋದಷ್ಟನ್ನು ಮಾತ್ರ ಸಿಹಿನೀರಿನಿಂದಲೇ ತುಂಬಿಸಬೇಕು. ನೀರು ಹೋದರೂ ಉಪ್ಪು ಉಳಿದಿರುತ್ತದೆಯಷ್ಟೆ! ಹೀಗೆ ನೀರು ತುಂಬಿ ಪಂಪು ಓಡಿದ ಮೇಲೂ ನಾಲ್ಕರಿಂದ ಆರು ವಾರ ಮೀನು ತರಕೂಡದು. ಚಿಟಿಕೆಯಷ್ಟು ಆಹಾರ ಹಾಕುತ್ತ, ನೀರನ್ನು ಪರೀಕ್ಷಿಸುತ್ತ, ಅಮೋನಿಯ ಏರಿ, ಇಳಿದು, ನೈಟ್ರೈಟ್ ಏರಿ, ಇಳಿದು, ಎರಡೂ ಸೊನ್ನೆಗೆ ಬರುವುದನ್ನು ನಕ್ಷೆ ಹಾಳೆಯಲ್ಲಿ ಗುರುತಿಸಬೇಕು. ಖಾಲಿ ತೊಟ್ಟಿಯ ಮುಂದೆ ಆರು ವಾರ ಕಾಯುವ ತಾಳ್ಮೆಯೇ ಈ ಪಾಠದ ಅತ್ಯಂತ ಕಠಿಣವಾದ ಭಾಗ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಎಂಬುದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಎಂಬ ಜೀವವಿಜ್ಞಾನಿ 1854ರಲ್ಲಿ ಕಡಲ ತೊಟ್ಟಿಯ ಬಗ್ಗೆ ಪುಸ್ತಕ ಬರೆದರು. ಕಡಲ ಜೀವಿಗಳ ಮೇಲೆ ಜನರಿಗೆ ಪ್ರೀತಿ ಹುಟ್ಟಲಿ ಎಂಬುದು ಅವರ ಉದ್ದೇಶ. ಪ್ರೀತಿ ಹುಟ್ಟಿತು, ಆದರೆ ಆ ಪ್ರೀತಿಯ ಜನ ಗುಂಪುಗಟ್ಟಿ ಬಂದು ಬಂಡೆಗಳ ಸಂದಿಯ ಹೊಂಡಗಳನ್ನೆಲ್ಲ ಬರಿದು ಮಾಡಿದರು. ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ಆತ್ಮಕಥನದಲ್ಲಿ ಈ ಹಾನಿಯನ್ನು ನೆನೆದು ವ್ಯಥೆಪಟ್ಟಿದ್ದಾರೆ. ನಮ್ಮಲ್ಲಿ ಹಾಗಾಗಬಾರದು. ಹವಳ, ಕಡಲಕುದುರೆ, ಕಡಲಸೌತೆ ಇವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 2001ರಿಂದ ರಕ್ಷಣೆಯಿದೆ. ಯಾರಾದರೂ ತಂದುಕೊಟ್ಟರೂ, ಹವಳದ ಕಲ್ಲಿನ ತುಂಡು ಕೂಡ, ನಮ್ಮ ತೊಟ್ಟಿಗೆ ಬೇಡ. 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಚಿತ್ರವನ್ನು ನಮ್ಮ ಮಕ್ಕಳು ನೋಡಿಯೇ ಇದ್ದಾರೆ. ತಂದೆಯಿಂದ ಅಗಲಿಸಿ ತೊಟ್ಟಿಗೆ ತಂದ ಮರಿಯ ಕಥೆ ಅದು. ಅಂಥ ಮೀನೇ ಬೇಕೆಂದಿದ್ದರೆ ಸಾಕಣೆಯಲ್ಲೇ ಹುಟ್ಟಿದ ಎರಡು ಮರಿಗಳನ್ನು ತರೋಣ. ಅವನ್ನು ಸಾಕಿ ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಸಿದ್ಧಪಡಿಸಿದೆ. ಎರಡೇ ಸಾಕು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ತೊಟ್ಟಿಯ ನೀರನ್ನೂ ಕೊಯ್ದ ಪಾಚಿಯನ್ನೂ ಎಂದೂ ಕಡಲಿಗೆ ಚೆಲ್ಲಬಾರದು. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದಲ್ಲಿ ಕಾಣಿಸಿಕೊಂಡ ಪರದೇಶದ ಪಾಚಿಯೊಂದು ಮೆಡಿಟರೇನಿಯನ್ ಕಡಲಲ್ಲಿ ಮೈಲಿಗಟ್ಟಲೆ ಹಬ್ಬಿತು.

ಪೋಷಕರಲ್ಲಿ ಕೆಲವರಿಗೆ ಸಂಶಯಗಳಿರುವುದು ಸಹಜ. ಪರೀಕ್ಷೆಯ ವರ್ಷದಲ್ಲಿ ಇದೆಲ್ಲ ಬೇಕೆ ಎಂದು ಅವರು ಕೇಳಬಹುದು. ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವಶಾಸ್ತ್ರ, ಗಣಿತ ನಾಲ್ಕೂ ಒಂದೇ ಮೇಜಿನ ಕೆಳಗೆ ಸಿಗುವಾಗ ಇದು ಪರೀಕ್ಷೆಗೆ ಹೊರಗಿನದಲ್ಲ. ಮೂಕ ಪ್ರಾಣಿಯನ್ನು ಬಂಧಿಸುವುದು ಸರಿಯೆ ಎಂಬುದು ಇದಕ್ಕಿಂತ ತೂಕದ ಪ್ರಶ್ನೆ. ಇದಕ್ಕೆ ನಾವು ಹಾರಿಕೆಯ ಉತ್ತರ ಕೊಡುವುದಿಲ್ಲ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಯಾರು ಯಾವ ದಿನ ಬಂದು ನೋಡಿಕೊಳ್ಳುತ್ತಾರೆಂಬ ಪಟ್ಟಿ ಮೊದಲೇ ಸಿದ್ಧವಾಗದಿದ್ದರೆ, ಕರೆಂಟು ಹೋದಾಗ ಗಾಳಿ ಊದುವ ಬ್ಯಾಟರಿಯ ಯಂತ್ರ ಇಲ್ಲದಿದ್ದರೆ, ಮೀನು ತರುವ ಹಕ್ಕು ನಮಗಿಲ್ಲ. ಆಗ ಕೆಳಗಿನ ತೊಟ್ಟಿ ಒಂದೇ ಇರಲಿ. ಪಾಚಿ, ಹಂಚಿನ ಚೂರು, ಸಾಸಿವೆಯಂಥ ಜೀವಿಗಳು, ಒಂದು ಭೂತಗನ್ನಡಿ: ಇಷ್ಟರಿಂದಲೇ ಒಂದು ವರ್ಷದ ಪಾಠ ನಡೆಯುತ್ತದೆ. ಮೀನಿಲ್ಲದ ತೊಟ್ಟಿಯೂ ತೊಟ್ಟಿಯೇ.

ಇನ್ನೊಂದು ಮಾತು. ಕನ್ನಡದಲ್ಲಿ ಕಲಿಯುವ ಮಕ್ಕಳಿಗೆ ವಿಜ್ಞಾನ ದೂರವೆಂದು ಹೇಳುವವರು ಇಂದಿಗೂ ಇದ್ದಾರೆ. ಅಡ್ಡಗೋಡೆ, ಹೊರಹರಿವು, ಆಶ್ರಯದ ಕೋಣೆ ಎಂದು ನಮ್ಮ ಮಾತಿನಲ್ಲೇ ಹೇಳಿಕೊಂಡು ಕಟ್ಟಿದ ತೊಟ್ಟಿಯಲ್ಲಿ ನೀರು ತಿಳಿಯಾಗಿ ಹರಿದರೆ ಅದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಮೇಲಾಗಿ, ಈ ತರಗತಿಯಲ್ಲಿ ದೋಣಿಗೆ ಹೋಗುವವರ ಮಕ್ಕಳೇ ಗುರುಗಳು. ನೀರಿನ ಇಳಿತ ಯಾವಾಗ, ಪಾಚಿ ಯಾವ ಬಂಡೆಯಲ್ಲಿ, ಯಾವ ಮೀನಿಗೆ ತುಳುವಿನಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ ಏನು ಹೆಸರು ಎಂಬುದನ್ನು ಅವರಿಂದ ಉಳಿದವರು ಕಲಿಯಬೇಕು. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂರುವ ಹುಡುಗ ಅಂದು ಎದ್ದುನಿಂತು ಮಾತಾಡುತ್ತಾನೆ.

ಶಾಲೆಯ ತೊಟ್ಟಿ ನೋಡಿದ ಮೇಲೆ ಕುಂಬಳೆಯ ಅಳಿವೆಯನ್ನೋ ಚಂದ್ರಗಿರಿ ಹೊಳೆಯ ದಡವನ್ನೋ ಇನ್ನೊಮ್ಮೆ ನೋಡಿ. ಅಲ್ಲಿ ಕೆಸರಿನಲ್ಲಿ ಬೇರು ಚಾಚಿ ನಿಂತ ಕಾಂಡ್ಲಾ ಗಿಡಗಳು ಹೊಳೆಯ ಹೂಳನ್ನು ತಡೆದು, ನೀರಿನ ಸಾರವನ್ನು ಹೀರಿ, ಸಿಗಡಿಗೂ ಮೀನಿನ ಮರಿಗಳಿಗೂ ಆಸರೆ ಕೊಡುತ್ತವೆ. ಕಡಲೆಂಬ ಮಹಾತೊಟ್ಟಿಗೆ ಇದೇ ಕೆಳಗಿನ ತೊಟ್ಟಿ. ನೆರೆಯ ಕಣ್ಣೂರು ಜಿಲ್ಲೆಯ ಕಲ್ಲೇನ್ ಪೊಕ್ಕುಡನ್ ಅವರು 1989ರಿಂದ ಕಾಂಡ್ಲಾ ಸಸಿ ನೆಡುತ್ತ ಬಂದು, 2015ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಬಾಳಿನ ಕೆಲಸವಾಗಿಸಿಕೊಂಡಿದ್ದರು. ಕೆಸರು, ಕೊಳಕು, ನಿರುಪಯೋಗಿ ಎಂದು ನಾವು ಮಣ್ಣು ತುಂಬಿಸುವ, ಕಸ ಎಸೆಯುವ ಜಾಗ ಅದು. ಆಶ್ರಯದ ಕೋಣೆಯನ್ನು ಹಾಳುಗೆಡವಿ ಮೇಲಿನ ತೊಟ್ಟಿಯಲ್ಲಿ ಮೀನು ಹುಡುಕಿದರೆ ಸಿಕ್ಕೀತೆ?

ಆದುದರಿಂದ ಪೋಷಕರಲ್ಲಿ ನಮ್ಮ ಅರಿಕೆ ಇಷ್ಟೇ. ಮಗುವಿಗೆ ಬಣ್ಣದ ಮೀನು ತಂದುಕೊಡುವ ಮೊದಲು ಒಂದು ತುಂಡು ಗಾಜು, ಒಂದು ಅಳತೆಪಟ್ಟಿ ಕೊಡಿ. ವಿದ್ಯಾರ್ಥಿಗಳಲ್ಲಿಯೂ ಅದೇ ಮಾತು: ನೋಡುವವರ ಕಣ್ಣಿಗೆ ಬೀಳದ ಕೆಲಸವನ್ನು ಮೊದಲು ಮಾಡಿ. ಮೀನು ಕಾಯುತ್ತದೆ.